ಎರಡು ನಾಲಿಗೆಗೆ ಒಂದು ಹೆಸರು

ಎಲ್ ಪಾಸೊ ಊರಿನಲ್ಲಿ ಹುಟ್ಟಿ, ಹುಟ್ಟುಹಬ್ಬ ಮಾಡಿಸಿಕೊಂಡ ಪ್ರತಿಯೊಂದು ಮಗುವಿನ ಹೆಸರನ್ನೂ ಎವರಿಸ್ತೊ ಕರಾಸ್ಕೊ ಒಮ್ಮೆಯಾದರೂ ಸಕ್ಕರೆಯಲ್ಲಿ ಬರೆದಿದ್ದಾನೆ. ಇದು ಅವನ ಮಾತಲ್ಲ, ನನ್ನ ಮಾತು. ಅವನಾಗಿದ್ದರೆ ಗಡಿಯ ನದಿಯಾಚೆಯ ಹ್ವಾರೆಸ್ ನಗರವನ್ನೂ ಸೇರಿಸಿಕೊಳ್ಳುತ್ತಿದ್ದ. ನಲವತ್ತೆರಡು ವರ್ಷ, ಒಂದು ಲಕ್ಷ ಕೇಕು. ಆ ಗುಲಾಬಿ ಅಕ್ಷರಗಳನ್ನೆಲ್ಲ ಒಂದರ ಬಾಲಕ್ಕೆ ಒಂದು ಗಂಟು ಹಾಕಿ ಎಳೆದರೆ ಅವನ ಬೇಕರಿಯಿಂದ ಚಂದ್ರನವರೆಗೆ ಹೋಗಿ, ಅಲ್ಲೊಂದು ಕಾಫಿ ಕುಡಿದು, ವಾಪಸು ಬರಬಹುದು. ಪಕ್ಕದ ಕ್ಷೌರದಂಗಡಿ ನನ್ನದು. ನಲವತ್ತು ವರ್ಷದಿಂದ ಅವನ ತಲೆ ತಿಂಗಳಿಗೊಮ್ಮೆ ನನ್ನ ಕೈಗೆ ಸಿಗುತ್ತದೆ, ಅದರೊಳಗೆ ಏನೇನಿದೆ ಎಂಬುದು ಅವನಿಗಿಂತ ನನಗೆ ಚೆನ್ನಾಗಿ ಗೊತ್ತು. ಅಂಥ ಮನುಷ್ಯ ಆ ಬುಧವಾರ ಬೆಳಿಗ್ಗೆ ಏಳು ಗಂಟೆಗೆ, ಕ್ರೀಮಿನ ಚೀಲ ಹಿಡಿದು, ಬರಿಯ ಒಂದು ಕೇಕಿನ ಮುಂದೆ ಅರ್ಧ ಗಂಟೆಯಿಂದ ನಿಂತಿದ್ದ. ಒಂಬತ್ತು ಸಲ ಬರೆದಿದ್ದ, ಒಂಬತ್ತು ಸಲ ಕೆರೆದು ತೆಗೆದಿದ್ದ. ಕೇಕಿನ ಮೈ ಚಳಿಗೆ ಒಡೆದ ಹಿಮ್ಮಡಿಯಂತಾಗಿತ್ತು.

ಹೆಸರು ಬೇಕಾಗಿದ್ದುದು ಅವನ ಸ್ವಂತ ಮೊಮ್ಮಗಳಿಗೆ. ಸೋಮವಾರ ಹುಟ್ಟಿದ ಮಗು. ಇವತ್ತು ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಗುಮಾಸ್ತೆ ಜನನಪತ್ರದ ಕಾಗದ ಹಿಡಿದು ಬರುತ್ತಾಳೆ, ಅದಾದ ಮೇಲೆ ತಾಯಿ ಮಗು ಮನೆಗೆ. ಮಗಳು ಮಿರೇಯಾ ಮತ್ತು ಅಳಿಯ ಕರ್ಟ್ ಏಳು ತಿಂಗಳಲ್ಲಿ ಮುನ್ನೂರು ಹೆಸರು ಬರೆದು, ಮುನ್ನೂರಕ್ಕೂ ಗೀಟು ಎಳೆದು, ಕೊನೆಗೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಮಲಗುವ ಹಂತಕ್ಕೆ ಬಂದಿದ್ದರು. ಆಗ ಮಿರೇಯಾ ಅಪ್ಪನನ್ನು ಕರೆದು ಹೇಳಿದ್ದಳು: "ಅಪ್ಪಾ, ಊರಿಗೆಲ್ಲಾ ಹೆಸರು ಬರೆದೋನು ನೀನು. ನಮಗೊಂದು ಹುಡುಕಿ ಕೊಡು. ಅಜ್ಜಿ ಬಾಯಿಗೂ ಬರಬೇಕು, ಕರ್ಟ್ ಅಮ್ಮನ ಬಾಯಿಗೂ ಬರಬೇಕು. ಇಲ್ಲೊಬ್ಬಳು, ಅಲ್ಲೊಬ್ಬಳು ಅಂತ ನನ್ನ ಮಗು ಎರಡು ಹುಡುಗಿ ಆಗೋದು ಬೇಡ." ಅವನು ಎದೆ ಉಬ್ಬಿಸಿ, "ಒಂದಾ? ಮಧ್ಯಾಹ್ನದ ಊಟಕ್ಕೆ ಮುಂಚೆ ನಲವತ್ತು ಕೊಡ್ತೀನಿ ನೋಡು" ಅಂದಿದ್ದ. ಆ ಮಧ್ಯಾಹ್ನ ಕಳೆದು ಎರಡು ತಿಂಗಳಾಗಿತ್ತು. ಗ್ವೆಂಡೊಲಿನ್ ಎಂದು ಬರೆದರೆ, ಅದು ತನ್ನ ತಾಯಿ ಪೆತ್ರಾಳ ಬಾಯಿಯಲ್ಲಿ ಉಳಿದಿರುವ ನಾಲ್ಕು ಹಲ್ಲಿಗೆ ಡಿಕ್ಕಿ ಹೊಡೆದು ಬೀಳುವುದು ಅವನಿಗೆ ಕೇಳಿಸುತ್ತಿತ್ತು. ಗ್ವಾದಲೂಪೆ ಎಂದು ಬರೆದರೆ, ಮಿನೆಸೋಟದ ಹಿಮದಿಂದ ಬಂದ ಬೀಗಿತಿ ಮಾರ್ಲಿಸ್ ಆ ಹೆಸರನ್ನು ಮುಳ್ಳಿನ ಗಿಡ ಎತ್ತಿದಂತೆ ಎರಡು ಬೆರಳಲ್ಲಿ ಎತ್ತುವುದು ಕಾಣುತ್ತಿತ್ತು. ಎಂಬತ್ತೆಂಟು ವರ್ಷದ ಪೆತ್ರಾಳಿಗೆ ಇಂಗ್ಲಿಷ್ ಎಂದರೆ ಪಕ್ಕದ ಮನೆಯ ನಾಯಿ ಇದ್ದ ಹಾಗೆ, ಅರವತ್ತು ವರ್ಷದಿಂದ ಬೊಗಳುತ್ತಿದೆ, ಅವಳು ಒಮ್ಮೆಯೂ ತಿರುಗಿ ನೋಡಿಲ್ಲ. ಮಾರ್ಲಿಸ್‌ಗೆ ಸ್ಪ್ಯಾನಿಷ್‌ನಲ್ಲಿ ಬರುತ್ತಿದ್ದುದು ಎರಡೇ ಮಾತು, ಎರಡೂ ಥ್ಯಾಂಕ್ಸ್.

ಆದರೆ ಕ್ರೀಮಿನ ಚೀಲ ಹಿಡಿದ ಕೈ ತಡೆದಿದ್ದು ಹೆಸರಿನ ಬರದಿಂದಲ್ಲ. ಸೋಮವಾರ ಸಂಜೆ ಬಾಣಂತಿಯ ಕೋಣೆಯಲ್ಲಿ ಅವನೊಂದು ಕೆಲಸ ಮಾಡಿದ್ದ. ಮಿರೇಯಾ ನಿದ್ದೆ ಹೋಗಿದ್ದಳು, ಕರ್ಟ್ ಕಾಫಿ ತರಲು ಹೋಗಿದ್ದ. ಪೆತ್ರಾ ಕೈಚೀಲದಿಂದ ಬೇಕರಿಯ ಕ್ಯಾಲೆಂಡರು ತೆಗೆದಳು, ಪ್ರತಿ ತಾರೀಖಿನ ಕೆಳಗೂ ಆ ದಿನದ ಸಂತರ ಹೆಸರು ಅಚ್ಚಾಗಿರುವ ಕ್ಯಾಲೆಂಡರು. ಪ್ರತಿ ಡಿಸೆಂಬರಿನಲ್ಲಿ ಎವರಿಸ್ತೊನೇ ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚುವುದು. ಫೆಬ್ರವರಿ ಹತ್ತರ ಮೇಲೆ ಬೆರಳಿಟ್ಟು, "ಎಸ್ಕೊಲಾಸ್ತಿಕಾ. ದೇವರೇ ಕಳಿಸಿದ ಹೆಸರು. ಬೀಗಿತಿಗೆ ಹೇಳೋ" ಅಂದಳು. ಎವರಿಸ್ತೊ ಇಂಗ್ಲಿಷಿಗೆ ತಿರುಗಿ ಮಾರ್ಲಿಸ್‌ಗೆ ಹೇಳಿದ: "ಅಮ್ಮ ಹೇಳ್ತಾರೆ, ಮಗು ನಿಮ್ಮ ಥರಾನೇ ಇದೆಯಂತೆ." ಮಾರ್ಲಿಸ್ ಕೆಂಪಗಾಗಿ, ಹೆಣಿಗೆ ಕೆಳಗಿಟ್ಟು, ಮೆಲ್ಲಗೆ, "ನಾನು ಕೇಳಬಾರದು, ಆದ್ರೂ... ನಮ್ಮಮ್ಮನ ಹೆಸರು ಆರ್ಡಿತ್. ಅವರಿಗೆ ಅಭ್ಯಂತರ ಇರುತ್ತಾ?" ಅಂದಳು. ಅವನು ಸ್ಪ್ಯಾನಿಷಿಗೆ ತಿರುಗಿ ತಾಯಿಗೆ ಹೇಳಿದ: "ಎಸ್ಕೊಲಾಸ್ತಿಕಾ ಬಹಳ ಚೆನ್ನಾಗಿದೆಯಂತಮ್ಮಾ. ಒಪ್ಪಿದಾಳೆ." ತಾಯಿಯ ಮುಖ ಅರಳಿದ್ದನ್ನು ತೋರಿಸಿ ಮಾರ್ಲಿಸ್‌ಗೆ ಹೇಳಿದ: "ನೋಡಿ, ಎಷ್ಟು ಖುಷಿ! ಆರ್ಡಿತ್ ಅಂದ ತಕ್ಷಣ!" ಇಬ್ಬರು ಹೆಂಗಸರೂ ಎದ್ದು ಅಪ್ಪಿಕೊಂಡು ಅತ್ತರು. ಅವರ ಕಣ್ಣೀರು ಹರಿದು ರಿಯೊ ಗ್ರಾಂದೆ ನದಿ ಆ ರಾತ್ರಿ ಎರಡಂಗುಲ ಏರಿತು. ಸೇತುವೆಯ ಕಾವಲುಗಾರರನ್ನು ಬೇಕಾದರೆ ಕೇಳಿ.

ಇದು ಹೊಸ ರೋಗವೂ ಅಲ್ಲ. ಮದುವೆಯಾದ ನಾಲ್ಕು ವರ್ಷದಿಂದ ಎರಡು ಮನೆಯ ನಡುವೆ ಮಾತು ಸಾಗಿಸುವವನು ಅವನೇ, ಮತ್ತು ಒಂದು ಮಾತನ್ನೂ ಅವನು ಹೊರಟ ಸ್ಥಿತಿಯಲ್ಲಿ ತಲುಪಿಸಿಲ್ಲ. ಮಾರ್ಲಿಸ್‌ಳ ಊರಿನಲ್ಲಿ ಅತಿ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲ". ಅವಳು ಊಟ ಮಾಡಿ ಪರವಾಗಿಲ್ಲ ಎಂದರೆ ಅವನು, "ಇದನ್ನ ತಿಂದ ಮೇಲೆ ಸತ್ತರೂ ಚಿಂತೆ ಇಲ್ಲ ಅಂತಾಳೆ" ಎಂದು ಅಡಿಗೆಮನೆಗೆ ಕೂಗುತ್ತಿದ್ದ. ಪೆತ್ರಾ ಮುಖ ಸಿಂಡರಿಸಿ ಏನಾದರೂ ಅಂದರೆ ಅದು ಇಂಗ್ಲಿಷಿನ ದಡ ಸೇರುವಾಗ ಹೂವಿನ ಹಾರವಾಗಿರುತ್ತಿತ್ತು. ಹೆಂಡತಿ ರಮೋನಾ ಹೇಳುತ್ತಿದ್ದಳು: "ಮುದುಕಪ್ಪಾ, ನೀನು ಹಿಟ್ಟಿಗೆ ಹಾಕೋ ಸಕ್ಕರೆ ಸಾಲದು ಅಂತ ಮಾತಿಗೂ ಸುರೀತೀಯ. ಒಂದಿನ ಇರುವೆ ಬರ್ತಾವೆ." ಇವತ್ತು ಮೂರು ಗಂಟೆಗೆ ಬರಲಿದ್ದ ಇರುವೆಗಳ ದಂಡು ಅವನ ಕಣ್ಣಿಗೆ ಆಗಲೇ ಕಾಣುತ್ತಿತ್ತು. ಯಾವ ಹೆಸರು ಕಾಗದಕ್ಕೆ ಬಿದ್ದರೂ ಒಬ್ಬ ಮುದುಕಿಗೆ ಅವಮಾನ, ಮತ್ತು ಒಂದು ಮನೆಯಲ್ಲಿ ಎಸ್ಕೊಲಾಸ್ತಿಕಾ ಇನ್ನೊಂದು ಮನೆಯಲ್ಲಿ ಆರ್ಡಿತ್ ಎಂದು ಬೆಳೆಯುವ ಒಂದು ಹುಡುಗಿ. ಅವನಿಗೆ ಆ ಹುಡುಗಿಯ ಮುಖ ನೋಡುವ ಧೈರ್ಯವಿರಲಿಲ್ಲ, ಯಾಕೆಂದರೆ ಆ ಮುಖ ಅವನಿಗೆ ಗುರುತಿತ್ತು.

ಏಳೂವರೆಗೆ ಉಪಾಯ ಹೊಳೆಯಿತು. ಅದೃಷ್ಟದ ಮೇಲೆ ಹಾಕಿದರೆ ಯಾರ ಮೇಲೂ ಹಾಕಿದಂತಾಗದು. ಜನವರಿಯಲ್ಲಿ, ಕೂಸು ಕ್ರಿಸ್ತನನ್ನು ನೋಡಲು ಬಂದ ಮೂರು ರಾಜರ ಹಬ್ಬಕ್ಕೆ, ಅವನು ರೋಸ್ಕಾ ಮಾಡುತ್ತಾನೆ: ಎಮ್ಮೆಯ ಕೊರಳಿಗೆ ಹಾಕುವಷ್ಟು ದೊಡ್ಡ ಬಳೆಯಾಕಾರದ ಸಿಹಿ ಬನ್ನು, ಮೇಲೆ ಬಣ್ಣಬಣ್ಣದ ಸಕ್ಕರೆ ಹಣ್ಣು, ಒಳಗೆ ಅಡಗಿಸಿದ ಹೆಬ್ಬೆರಳಿನುಗುರಷ್ಟು ಪ್ಲಾಸ್ಟಿಕ್ ಕೂಸು. ಯಾರ ತುಂಡಿನಲ್ಲಿ ಕೂಸು ಬರುತ್ತದೋ ಅವರು ಫೆಬ್ರವರಿ ಎರಡಕ್ಕೆ ಎಲ್ಲರಿಗೂ ಊಟ ಹಾಕಬೇಕು. ಫೆಬ್ರವರಿ ಹನ್ನೆರಡಕ್ಕೆ ರೋಸ್ಕಾ ಮಾಡಿದವರು ಕ್ರಿಸ್ತ ಹುಟ್ಟಿದಾಗಿನಿಂದ ಯಾರೂ ಇಲ್ಲ, ಆದರೆ ಗೊಂಬೆಯ ಡಬ್ಬಿಯಲ್ಲಿ ಇನ್ನೂ ಬೇಕಾದಷ್ಟು ಕೂಸುಗಳು ಉಳಿದಿದ್ದವು. ಒಂದೇ ಒಂದು ಕೂಸು ಇಡುವುದು, ಸಿಕ್ಕವರು ಹೆಸರಿಡುವುದು. ಪೆತ್ರಾಳಿಗೆ ಸಿಕ್ಕರೆ ಅದೃಷ್ಟ, ಮಾರ್ಲಿಸ್‌ಗೆ ಸಿಕ್ಕರೆ ಅದೃಷ್ಟ, ಸೋತವಳ ಎದುರು ತಾನೂ ಕಣ್ಣೊರೆಸಿಕೊಳ್ಳುವುದು. ಇಷ್ಟು ಜಾಣ ಉಪಾಯ ಭೂಮಿಯ ಮೇಲೆ ಹಿಂದೆ ಯಾರಿಗೂ ಹೊಳೆದಿರಲಾರದು ಎಂದು ಅವನಿಗನ್ನಿಸಿತು. ಉಪಾಯ ಹೊಳೆದಾಗಲೆಲ್ಲ ಅವನಿಗೆ ಹಾಗೇ ಅನ್ನಿಸುತ್ತದೆ.

ಉಬ್ಬಿ ತಯಾರಿದ್ದ ಹಿಟ್ಟನ್ನು ಹಲಗೆಯ ಮೇಲೆ ಸುರಿದು ಉದ್ದಕ್ಕೆ ಹೊಸೆಯತೊಡಗಿದ. ಹೊಸೆಯುವಾಗ ಕೈಗೆ ತಲೆ ಬೇಕಾಗುವುದಿಲ್ಲ. ತಲೆ ಎದ್ದು ತನ್ನ ಪಾಡಿಗೆ ಹೊರಟುಬಿಡುತ್ತದೆ. ಒಂದನೇ ತರಗತಿಯ ಮೊದಲ ದಿನ ಮಿಸೆಸ್ ವಿಟ್‌ಲೋ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಹತ್ತಿರ ಬಂದು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಇದು ತುಂಬ ಉದ್ದ. ಇವತ್ತಿಂದ ನೀನು ಎವರೆಟ್" ಅಂದಳು. ಅವನಿಗೆ ಬೇಜಾರಾಯಿತು ಎಂದು ನೀವು ತಿಳಿದರೆ ತಪ್ಪು. ಹೊಸ ಬೂಟು ಸಿಕ್ಕಂತೆ ಸಂಭ್ರಮವಾಯಿತು. ಎವರೆಟ್‌ಗೆ ಅಣ್ಣಂದಿರ ಹರಿದ ಅಂಗಿಗಳಿರಲಿಲ್ಲ, ಎರಡು ಕೋಣೆಯಲ್ಲಿ ಮಲಗುವ ಏಳು ಜನರಿರಲಿಲ್ಲ, ಎವರೆಟ್ ಬೇಲಿಯ ಒಳಗಡೆಯವನು. ಮೂರನೆಯ ವಾರ ಮಧ್ಯಾಹ್ನ, ಬಿಸಿಲಲ್ಲಿ, ಕಪ್ಪು ಶಾಲು ಹೊದ್ದ ಪೆತ್ರಾ ಬಟ್ಟೆಯಲ್ಲಿ ಸುತ್ತಿದ ಊಟ ಹಿಡಿದು ತಂತಿಬೇಲಿಯ ಹತ್ತಿರ ನಿಂತು, ಬೆಟ್ಟಕ್ಕೆ ಕೇಳುವ ಹಾಗೆ "ಎವರಿಸ್ತೋ!" ಎಂದು ಕೂಗಿದಳು. ಅವನು ತಿರುಗಲಿಲ್ಲ. ಮತ್ತೆ ಕೂಗಿದಳು. ಪಕ್ಕದ ಹುಡುಗ ಕೇಳಿದ, "ಯಾರೋ ಆಕೆ?" ಎವರೆಟ್ ಹೇಳಿದ, "ನಮ್ಮನೇಲಿ ಅಡಿಗೆ ಮಾಡೋಳು." ಒಲೆಯನ್ನೇ ನೆರೆಯವರೊಂದಿಗೆ ಹಂಚಿಕೊಂಡ ಮನೆಗೆ ಅಡಿಗೆಯವಳು! ಮಾರನೆಯ ದಿನದಿಂದ ಅವಳು ಕೂಗಲಿಲ್ಲ. ಬೇಲಿಯ ತಂತಿಗೆ ಉಂಗುರದಿಂದ ಟಿಕ್ ಟಿಕ್ ಎನಿಸಿ, ಅವನು ನೋಡುವವರೆಗೆ ಸುಮ್ಮನೆ ನಿಂತಿರುತ್ತಿದ್ದಳು. ನಾಲ್ಕು ವರ್ಷ ಹಾಗೇ. ಕೇಳಿಸಿತ್ತೇ, ಇಲ್ಲವೇ? ಇಂಗ್ಲಿಷಿನಲ್ಲಿ ತಾನೇ ಹೇಳಿದ್ದು? ಐವತ್ತೈದು ವರ್ಷದಿಂದ ಅವನು ಈ ಪ್ರಶ್ನೆಯನ್ನು ನಾದುತ್ತಿದ್ದಾನೆ, ಅದು ಇನ್ನೂ ಉಬ್ಬುತ್ತಲೇ ಇದೆ. ಎಚ್ಚರಾಗಿ ನೋಡುತ್ತಾನೆ, ರೋಸ್ಕಾ ದುಂಡಾಗಿ ಮುಚ್ಚಿ, ಹಣ್ಣು ಹಚ್ಚಿಸಿಕೊಂಡು, ತಟ್ಟೆಯ ಮೇಲೆ ಕೂತಿತ್ತು. ಗೊಂಬೆಯ ಡಬ್ಬಿ ಪಕ್ಕದಲ್ಲಿ ತೆರೆದು ಬಿದ್ದಿತ್ತು. ಡಬ್ಬಿಗೆ ಮುಚ್ಚಳ ಹಾಕಿ, ರೋಸ್ಕಾವನ್ನು ಒಲೆಗೆ ನೂಕಿದ.

ಹನ್ನೊಂದೂವರೆಗೆ ಎವರಿಸ್ತೊ, ರಮೋನಾ ಇಬ್ಬರೂ ಆಸ್ಪತ್ರೆಯ ಮೂರನೆಯ ಮಹಡಿಗೆ ಬಂದರು. ರೋಸ್ಕಾದ ಪೆಟ್ಟಿಗೆ ಎಷ್ಟು ದೊಡ್ಡದಿತ್ತೆಂದರೆ ಲಿಫ್ಟಿನಿಂದ ಇಬ್ಬರು ಡಾಕ್ಟರು ಇಳಿದು ಜಾಗ ಮಾಡಿಕೊಡಬೇಕಾಯಿತು. ಕೋಣೆಯಲ್ಲಿ ಮಿರೇಯಾ ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಸೇನಾ ನೆಲೆಯಲ್ಲಿ ಲಾರಿ ರಿಪೇರಿ ಮಾಡುವ ಆರೂವರೆ ಅಡಿಯ ಕರ್ಟ್, ಮಗುವನ್ನು ಸಿಡಿಯಬಹುದಾದ ವಸ್ತುವಿನಂತೆ ಎರಡು ಅಂಗೈಯಲ್ಲಿ ಹಿಡಿದಿದ್ದ. ಒಳ್ಳೆಯ ಕುರ್ಚಿಯಲ್ಲಿ ಪೆತ್ರಾ, ಕಿಟಕಿಯ ಹತ್ತಿರ ಹಳದಿ ಟೊಪ್ಪಿ ಹೆಣೆಯುತ್ತ ಮಾರ್ಲಿಸ್. ಇಬ್ಬರೂ ಗೆದ್ದವರ ದಯೆಯಿಂದ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಆ ನಗು ಕಾಣದವನಂತೆ ಎವರಿಸ್ತೊ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ.

"ಫೆಬ್ರವರಿಲಿ ರೋಸ್ಕಾನಾ?" ಪೆತ್ರಾ ಹುಬ್ಬೇರಿಸಿದಳು. "ನಿನ್ನ ತಲೆ ಉಬ್ಬಿದೆಯೋ, ಹಿಟ್ಟು ಉಬ್ಬಿದೆಯೋ?"

"ವಿಶೇಷ ಇದೆ ಅಮ್ಮಾ" ಎಂದು ಅವನು ಎರಡು ಭಾಷೆಯಲ್ಲೂ ನಿಯಮ ಸಾರಿದ: ಒಳಗೆ ಒಂದೇ ಕೂಸು, ಯಾರಿಗೆ ಸಿಗುತ್ತದೋ ಅವರು ಹೆಸರಿಡಬೇಕು, ದೇವರ ಇಷ್ಟ, ಯಾರೂ ಮುಖ ಊದಿಸಬಾರದು. ಮಿರೇಯಾ ಅಪ್ಪನನ್ನು ನೋಡಿದಳು. ಅವಳ ನೋಟ ಅಮ್ಮನಿಂದ ಬಂದದ್ದು, ಮೂಳೆಯವರೆಗೆ ಹೋಗುತ್ತದೆ. ರಮೋನಾ ಚಾಕು ತೆಗೆದು ಹೋಳು ಮಾಡಿದಳು. ರಕ್ತದೊತ್ತಡ ನೋಡಲು ಬಂದ ನರ್ಸಿಗೂ ಒಂದು, ನೆಲ ಒರೆಸುತ್ತಿದ್ದ ಹೆಂಗಸಿಗೂ ಒಂದು. ಎಲ್ಲರೂ ಬಾಯಿಗಿಟ್ಟರು. ಎವರಿಸ್ತೊ ತಿನ್ನಲಿಲ್ಲ, ಅವನು ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಣ್ಣು ಹಾಯಿಸುತ್ತ ನಿಂತಿದ್ದ.

"ಸಿಕ್ತು!" ಪೆತ್ರಾ ಕೂಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇನ್ನೇನು ಬೇಕು? ಎಸ್ಕೊಲಾಸ್ತಿಕಾ!"

ಅದೇ ಹೊತ್ತಿಗೆ ಕಿಟಕಿಯ ಕಡೆಯಿಂದ ಮಾರ್ಲಿಸ್, "ಓ, ನನಗೂ ಒಂದು ಬಂತು ಅನ್ನಿಸುತ್ತೆ. ಕ್ಷಮಿಸಿ" ಅಂದಳು.

"ನಂಗೂ" ಎಂದ ಕರ್ಟ್.

ನರ್ಸು ಕೆಮ್ಮಿ, ಎದೆ ಬಡಿದುಕೊಂಡು, ಅಂಗೈಗೆ ಒಂದು ಕೂಸು ಉಗುಳಿದಳು. ನೆಲ ಒರೆಸುವವಳು ತನ್ನದನ್ನು ಏಪ್ರನ್ನಿಗೆ ಒರೆಸಿ ಜೇಬಿಗೆ ಹಾಕಿಕೊಂಡಳು. ರಮೋನಾಳ ಹೋಳಿನಲ್ಲಿ ಅವಳಿ. ಮಿರೇಯಾ ತನ್ನದನ್ನು ತೊಡೆಯ ಮೇಲೆ ಮಲಗಿಸಿ, ಪೆಟ್ಟಿಗೆಯಲ್ಲಿ ಉಳಿದ ತುಂಡುಗಳನ್ನು ಬೆರಳಿಂದ ಒಡೆದು ಒಡೆದು ಕೂಸುಗಳನ್ನು ಸಾಲಾಗಿ ಇಡುತ್ತ ಹೋದಳು. ಕಡಿಮೆ ಎಂದರೂ ಎರಡು ಡಜನ್. ಮೂರು ಡಜನ್ ಎಂದು ಕೆಲವರು ಹೇಳುತ್ತಾರೆ, ನಾನು ಅವರ ಮಾತು ಅಲ್ಲಗಳೆಯುವುದಿಲ್ಲ. ಎವರಿಸ್ತೊ ತನ್ನ ಕೈಗಳನ್ನು ನೋಡಿಕೊಂಡ. ಜಿಪುಣ ಬೇಕರಿಗಳು ಒಂದು ರೋಸ್ಕಾಕ್ಕೆ ಒಂದು ಕೂಸು ಇಡುತ್ತವೆ; ನನ್ನಲ್ಲಿ ಬರಿಗೈಯಲ್ಲಿ ಹೋದವರಿಲ್ಲ ಎಂದು ನಲವತ್ತೆರಡು ವರ್ಷ ಜಂಭ ಕೊಚ್ಚಿ, ಗೇಣಿಗೊಂದು ಕೂಸು ಇಟ್ಟು ಇಟ್ಟು ಪಳಗಿದ ಕೈಗಳು. ಯಜಮಾನ ಶಾಲೆಯ ಬೇಲಿಯ ಹತ್ತಿರ ಹೋಗಿದ್ದಾಗ ಅವು ತಮ್ಮ ಕೆಲಸ ಮಾಡಿ ಮುಗಿಸಿದ್ದವು.

"ಏನ್ ಮುದುಕಪ್ಪಾ" ರಮೋನಾ ಅವಳಿಗಳನ್ನು ಮೇಜಿನ ಮೇಲಿಟ್ಟಳು, "ಇದು ಬನ್ನೋ, ಹೆರಿಗೆ ವಾರ್ಡೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನಲ್ಲೇ ತಪ್ಪಿಸಿಕೊಳ್ಳಬಹುದೆಂದು ಅವನೂ ಜೋರಾಗಿ ನಕ್ಕ. ಆದರೆ ಮಿರೇಯಾ ನಗುವುದು ನಿಲ್ಲಿಸಿದಳು. "ಅಪ್ಪಾ, ನಾನು ಹೆಸರು ಹುಡುಕು ಅಂದೆ. ಲಾಟರಿ ಎತ್ತು ಅನ್ನಲಿಲ್ಲ. ಯಾಕೆ ಇದೆಲ್ಲಾ?"

"ಹೆಸರು ಯಾಕೆ ಹುಡುಕ್ಬೇಕು?" ಪೆತ್ರಾ ಅಂದಳು. "ಸೋಮವಾರವೇ ಆಯ್ತಲ್ಲ. ಬೀಗಿತಿ ಅಳ್ತಾ ಒಪ್ಪಿದಾಳೆ."

"ಅವರೇನಂದ್ರು?" ಮಾರ್ಲಿಸ್ ಕೇಳಿದಳು. ಕೋಣೆಯ ಎಲ್ಲ ಕಣ್ಣುಗಳೂ ದುಭಾಷಿಯ ಕಡೆ ತಿರುಗಿದವು. ಅವನು ಬಾಯಿ ತೆರೆದ. ಒಂದು ಮಾತು ಆಗಲೇ ನಾಲಿಗೆಯ ತುದಿಗೆ ಬಂದಿತ್ತು, ದುಂಡಗೆ, ಸಕ್ಕರೆ ಉದುರಿಸಿಕೊಂಡು: ಟೊಪ್ಪಿ ಬಹಳ ಚೆನ್ನಾಗಿದೆ ಅಂತಾರೆ. ಅಷ್ಟು ಹೇಳಿದರೆ ಇನ್ನೂ ಹತ್ತು ನಿಮಿಷ ದೂಡಬಹುದಿತ್ತು. ಆದರೆ ಕರ್ಟ್, ಗ್ಯಾರೇಜಿನಲ್ಲಿ ಕಲಿತ ಅರ್ಧಮರ್ಧ ಸ್ಪ್ಯಾನಿಷಿನ ಕರ್ಟ್, ಹುಬ್ಬು ಗಂಟಿಕ್ಕಿ, "ಒಪ್ಪಿದಾರೆ ಅಂದ್ರಲ್ಲಾ. ಏನನ್ನ ಒಪ್ಪಿದ್ದು, ಮಾವ?" ಎಂದ. ಅವನ ಕೈಯಲ್ಲಿ ಹೆಸರಿಲ್ಲದ ಮಗು ಬಾಯಿ ತೆರೆದು ಆಕಳಿಸಿತು.

"ಇಬ್ಬರಿಗೂ ಸುಳ್ಳು ಹೇಳಿದೆ" ಎಂದ ಎವರಿಸ್ತೊ. ಮೊದಲು ಸ್ಪ್ಯಾನಿಷಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅವನ ಜೀವನದಲ್ಲಿ ಎರಡು ಭಾಷೆಯಲ್ಲೂ ಒಂದೇ ಅರ್ಥ ಬರುವಂತೆ ಹೇಳಿದ ಮೊದಲ ವಾಕ್ಯ ಅದು. ಆಮೇಲೆ ಒಡ್ಡು ಒಡೆಯಿತು: ಎಸ್ಕೊಲಾಸ್ತಿಕಾ, ಆರ್ಡಿತ್, ಯಾರೂ ಏನೂ ಒಪ್ಪಿಲ್ಲ, ಅವರಿಬ್ಬರೂ ಅಪ್ಪಿಕೊಂಡದ್ದು ಬೇರೆ ಬೇರೆ ಮಗುವಿಗಾಗಿ. ಹೇಳುತ್ತ ಹೋದಂತೆ ಅವನು ಚಿಕ್ಕವನಾಗುತ್ತ ಹೋದ. ಮುಗಿಸುವಾಗ ಕುರ್ಚಿಯ ಮೇಲೆ ಕೂರಿಸಿದರೆ ಕಾಲು ನೆಲ ಮುಟ್ಟುತ್ತಿರಲಿಲ್ಲ.

ಪೆತ್ರಾ ತನ್ನ ಪ್ಲಾಸ್ಟಿಕ್ ಕೂಸನ್ನು ಕರವಸ್ತ್ರದಲ್ಲಿ ಕಟ್ಟಿದಳು. "ಆರು ವರ್ಷಕ್ಕೇ ಇವನಿಗೆ ಮನೇಲಿ ಅಡಿಗೆಯವಳಿದ್ದಳು" ಎಂದು ಯಾರಿಗೂ ಅಲ್ಲದಂತೆ ಹೇಳಿದಳು. "ಈಗ ಸುಳ್ಳು ಕಲೀತಾನಾ?"

ಅವನ ಕಿವಿಯೊಳಗೆ ಗಂಟೆ ಬಾರಿಸಿದಂತಾಯಿತು. ಕೇಳಿಸಿತ್ತು. ಐವತ್ತೈದು ವರ್ಷ ಕೇಳಿಸಿಕೊಂಡೇ ಇದ್ದಳು. ತಲೆ ಎತ್ತಿ ನೋಡಿದರೆ ಅವಳ ಮುಖದಲ್ಲಿ ಕೋಪವಿರಲಿಲ್ಲ, ಹಳೆಯ ತಮಾಷೆಯನ್ನು ಕೊನೆಗೂ ಗಟ್ಟಿಯಾಗಿ ಹೇಳಿ ಹಗುರಾದವಳ ತುಂಟತನವಿತ್ತು. "ಅಮ್ಮಾ..." ಅಂದ. "ಸುಮ್ನಿರೋ. ಒಳ್ಳೇ ಅಡಿಗೆಯವಳೇ ಆಗಿದ್ದೆ, ಸಂಬಳ ಮಾತ್ರ ಬರಲಿಲ್ಲ" ಅಂದಳು. ಅವನಿಗೆ ಅಳು ಬಂತೋ ನಗು ಬಂತೋ ತಿಳಿಯದೆ, ಎರಡಕ್ಕೂ ಸಾಲುವಂತೆ ಮೂಗು ಒರೆಸಿಕೊಂಡ.

ಈ ಹೊತ್ತಿಗೆ ಮಾರ್ಲಿಸ್ ಟೊಪ್ಪಿಯನ್ನು ಮಡಿಲಲ್ಲಿ ನೀಟಾಗಿ ಮಡಚಿಟ್ಟಿದ್ದಳು. "ಹಾಗಾದ್ರೆ," ಎಂದಳು, ತುಂಬ ಸಮಾಧಾನದಿಂದ, "ಮದುವೆ ದಿನ ನನ್ನ ಡ್ರೆಸ್ಸು ನೋಡಿ ಅವರು ನಿಜವಾಗ್ಲೂ ಏನಂದಿದ್ರು? ರಾಣಿ ಥರ ಇದ್ದೀನಿ ಅಂದ್ರು ಅಂದಿದ್ರಿ."

ಅವನು ಗೋಡೆ ನೋಡಿದ. ಗೋಡೆ ಸಹಾಯಕ್ಕೆ ಬರಲಿಲ್ಲ. "ಕಿಟಕಿ ಪರದೆ ಬಟ್ಟೇಲಿ ಹೊಲಿಸಿದ್ದಾ ಅಂತ ಕೇಳಿದ್ರು."

ಮಾರ್ಲಿಸ್ ನಿಧಾನವಾಗಿ ಪೆತ್ರಾಳ ಕಡೆ ತಿರುಗಿದಳು. "ಪರದೆ ಬಟ್ಟೆನೇ! ನಾನೇ ಹೊಲಿದಿದ್ದು! ಇಡೀ ಮದುವೇಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಹೇಳಿ, ಹೇಳಿ ಅವರಿಗೆ!"

ಅವನು ಹೇಳಿದ. ಪೆತ್ರಾ ತೊಡೆ ತಟ್ಟಿ ಗಹಗಹಿಸಿದಳು. "ಮತ್ತೆ ಆ ಮದುವೇಲಿ ನಾನು ಮೆಣಸಿನಕಾಯಿ ಅರೆದು ಮಾಡಿದ ಮೋಲೆ ಸಾರಿಗೆ ಇವಳೇನಂದಿದ್ದಳು? ನಿಜ ಹೇಳು."

"ಸುಟ್ಟ ಇಟ್ಟಿಗೆ ನೆಕ್ಕಿದ ಹಾಗಿದೆ ಅಂತ ಕರ್ಟ್ ಕಿವೀಲಿ ಹೇಳ್ತಿದ್ದರು."

"ಸೀದಿತ್ತು!" ಪೆತ್ರಾ ಕೂಗಿದಳು. "ಇನ್ನೂರು ಜನ ತಿಂದು ಬೆರಳು ನೆಕ್ಕಿದ್ರು, ಎಲ್ಲಾ ಸುಳ್ಳರು. ನಾಲ್ಕು ವರ್ಷದಿಂದ ಒಬ್ಬರಾದ್ರೂ ಹೇಳ್ತಾರಾ ಅಂತ ಕಾಯ್ತಿದ್ದೆ. ನನ್ನ ಪಕ್ಕಕ್ಕೆ ಬಾ ಅನ್ನು ಅವಳಿಗೆ."

ಮಾರ್ಲಿಸ್ ಕುರ್ಚಿ ಎಳೆದುಕೊಂಡು ಬಂದಳು. ಮಿರೇಯಾ ಹಾಸಿಗೆಯಿಂದ ಬೆರಳೆತ್ತಿ ಅಪ್ಪನಿಗೆ ಆಜ್ಞೆ ಮಾಡಿದಳು: "ಇನ್ನು ಅವರೇ ಮಾತಾಡ್ಲಿ. ನೀನು ಮಧ್ಯ ಕೂತು ಅಂದಿದ್ದನ್ನ ಅಂದ ಹಾಗೆ ದಾಟಿಸು. ಉಪ್ಪು ಹಾಕಬೇಡ, ಸಕ್ಕರೆ ಹಾಕಬೇಡ." ಮುಂದಿನ ಎರಡು ಗಂಟೆ ಅವನ ಬದುಕಿನ ಅತಿ ಕಷ್ಟದ ದುಡಿಮೆ. ಬಂದ ಮಾತನ್ನು ಬಂದ ತೂಕದಲ್ಲೇ ಎತ್ತಿ ಆ ಕಡೆ ಇಡುವುದು; ಐವತ್ತು ಕೇಜಿಯ ಮೈದಾ ಮೂಟೆ ಇದಕ್ಕಿಂತ ಹಗುರ. ಪೆತ್ರಾ ಅಂದಳು, ಆರ್ಡಿತ್ ಎಂದರೆ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಂತಾಗುತ್ತದೆ. ದಾಟಿಸಿದ. ಮಾರ್ಲಿಸ್ ಅಂದಳು, ಎಸ್ಕೊಲಾಸ್ತಿಕಾ ಎಂದರೆ ಮಂಡಿನೋವಿಗೆ ಕೊಡುವ ಮುಲಾಮಿನ ಹಾಗೆ ಕೇಳುತ್ತದೆ. ದಾಟಿಸಿದ. ಆಮೇಲೆ ಮಾರ್ಲಿಸ್ ಕಿಟಕಿ ನೋಡುತ್ತ, "ನಿಜ ಹೇಳಬೇಕು ಅಂದ್ರೆ ನಮ್ಮ ಅಮ್ಮನಿಗೇ ಆ ಹೆಸರು ಕಂಡ್ರೆ ಆಗ್ತಿರಲಿಲ್ಲ. ಆದ್ರೆ ಈ ಮನೇಲಿ ಎಲ್ಲರೂ ನಿಮ್ಮ ಕಡೆಯವರು. ನನ್ನ ಕಡೆಯದು ಏನಾದ್ರೂ ಒಂದು ಇರಲಿ ಅನ್ನಿಸ್ತು" ಅಂದಳು. ಅವನು ಅಷ್ಟನ್ನೇ ದಾಟಿಸಿದ. ಪೆತ್ರಾ ತನ್ನ ಉಗುರು ನೋಡಿಕೊಳ್ಳುತ್ತ ಹೇಳಿದಳು: "ನಾನೂ ಕ್ಯಾಲೆಂಡರ್ ನೋಡಿ ಓದಿದೆ ಅಷ್ಟೇ. ಹೆಸರಿನ ವಿಷಯ ನನ್ನ ಹತ್ರ ಯಾರೂ ಕೇಳಲಿಲ್ಲ. ಕೇಳದೇ ಇರೋರ ಮುಂದೆ ದೊಡ್ಡದಾಗಿ ಕೂಗಬೇಕಾಗುತ್ತೆ."

"ಈಗ ಕೇಳ್ತಿದೀವಲ್ಲ ಅಜ್ಜಿ" ಮಿರೇಯಾ ಅಂದಳು. ಎವರಿಸ್ತೊನ ಕಡೆ ತಿರುಗಿ, "ಅಪ್ಪಾ, ನೀನೇನಂತೀಯ? ಲಕ್ಷ ಹೆಸರು ಬರೆದೋನು."

ಅವನು ತಲೆಯೊಳಗೆ ಹುಡುಕಿದ. ಲಕ್ಷ ಹೆಸರೂ ಸಾಲಾಗಿ ನಿಂತಿದ್ದವು, ಎಲ್ಲವೂ ಯಾರೋ ಗಿರಾಕಿಯನ್ನು ಮೆಚ್ಚಿಸಲು ತಯಾರಾಗಿ. "ನಂಗೆ ಗೊತ್ತಿಲ್ಲ ಮಗಳೇ" ಎಂದ. ರಮೋನಾ ಎದ್ದು ಬಂದು ಅವನ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ.

ಹಾಗೆ ಮುದುಕಿಯರಿಬ್ಬರೂ ಮಾತಿನಲ್ಲೇ, ನೆನಪಿನಿಂದ, ತಮ್ಮ ತಮ್ಮ ಮನೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆಯತೊಡಗಿದರು. ಬರುಬರುತ್ತ ಅಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಮಾರ್ಲಿಸ್‌ಳ ಕಡೆಯಿಂದ ಕರಡಿಯ ಎದುರು ನಿಂತು ಹಾಡಿದವಳು, ಮೂರು ಗಂಡಂದಿರನ್ನು ಮಣ್ಣು ಮಾಡಿ ನಾಲ್ಕನೆಯವನಿಗೆ ಟೈ ಕಟ್ಟಿದವಳು. ಪೆತ್ರಾಳ ಕಡೆಯಿಂದ ಒಂದೇ ರಾತ್ರಿಯಲ್ಲಿ ಜೋಳದ ಸಿಪ್ಪೆಯಲ್ಲಿ ಸಾವಿರ ತಮಾಲೆ ಕಡುಬು ಸುತ್ತಿದವಳು, ಬಿಷಪ್ಪನಿಗೇ ಬೈದವಳು. "ಆಮೇಲೆ ನಮ್ಮಪ್ಪನ ತಂಗಿ" ಎಂದಳು ಮಾರ್ಲಿಸ್. "ಮದುವೆ ಆಗಲಿಲ್ಲ. ಹಾಲಿನ ಲಾರಿ ಓಡಿಸ್ತಿದ್ದಳು, ಎಂಬತ್ತು ವರ್ಷದವರೆಗೆ. ಎಂಥ ಹಿಮ ಬಿದ್ರೂ ನಮ್ಮೂರಲ್ಲಿ ಒಂದು ಮಗುವೂ ಹಾಲಿಲ್ಲದೆ ಎದ್ದಿಲ್ಲ. ಆಲ್ಮಾ ಅಂತ."

ಎವರಿಸ್ತೊ ದಾಟಿಸುವ ಮೊದಲೇ ಪೆತ್ರಾಳ ತಲೆ ಮೇಲೆದ್ದಿತು. "ಯಾರು? ಆಲ್ಮಾನಾ? ಇವಳಿಗೆ ಹೇಗೆ ಗೊತ್ತು?"

"ಅವರ ಅತ್ತೆ ಅಮ್ಮಾ. ಹಾಲಿನ ಲಾರಿ..."

"ಅಲ್ಲವೋ! ನನ್ನ ತಂಗಿ! ನನ್ನ ಬೆನ್ನಿಗೆ ಹುಟ್ಟಿದವಳು. ಹನ್ನೊಂದು ವರ್ಷಕ್ಕೆ ಅಪ್ಪನ ಕತ್ತೆ ಮಾರಿ ತುತ್ತೂರಿ ತಂದಳು. ಅಪ್ಪ ಕೋಲು ಹಿಡಿದು ಅಟ್ಟಿಸಿಕೊಂಡು ಹೋದರೆ ಓಡ್ತಾ ಓಡ್ತಾ ಊದಿದಳು. ಅವಳು ಊದೋದು ಕೇಳಿ ಅಪ್ಪ ಕೋಲು ಬಿಸಾಕಿ ಕುಣಿದ. ನಿಜ, ನಾನೇ ನೋಡಿದೀನಿ." ಅವಳು ಮಾರ್ಲಿಸ್‌ಳ ಮಣಿಕಟ್ಟು ಹಿಡಿದು, ದುಭಾಷಿಯನ್ನು ಬಿಟ್ಟು, ನೇರವಾಗಿ ಅವಳ ಮುಖಕ್ಕೇ ಹೇಳಿದಳು: "ಆಲ್ಮಾ!"

"ಆಲ್ಮಾ" ಎಂದಳು ಮಾರ್ಲಿಸ್, ತಲೆದೂಗುತ್ತ, ಏನು ಹೇಳಿದರೆಂದು ತಿಳಿಯದೆ, ತಿಳಿದು.

ಮಿರೇಯಾ ಕರ್ಟ್‌ನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. ಮುನ್ನೂರರಲ್ಲಿ ಅದು ಇರಲಿಲ್ಲ. ಅವನು ಮಗುವಿನ ಕಿವಿಯ ಹತ್ತಿರ ಬಗ್ಗಿ ತನ್ನ ರೀತಿಯಲ್ಲಿ ಒಮ್ಮೆ ಹೇಳಿದ, ಮಿರೇಯಾ ತನ್ನ ರೀತಿಯಲ್ಲಿ ಒಮ್ಮೆ ಹೇಳಿದಳು. ಆಮೇಲೆ ಗಂಡ ಹೆಂಡತಿ ಒಂಬತ್ತು ತಿಂಗಳಲ್ಲಿ ಮೊದಲ ಸಲ ಒಂದೇ ವಿಷಯಕ್ಕೆ ಒಟ್ಟಿಗೆ ನಕ್ಕರು. ಮೂರು ಗಂಟೆಗೆ ಗುಮಾಸ್ತೆ ಬಂದು ಪೆನ್ನು ಕೊಟ್ಟಾಗ, "ಅಂತೂ ಇಟ್ಟಿರಾ? ಯಾರ ಆಯ್ಕೆ?" ಎಂದು ವಾಡಿಕೆಗೆ ಎರಡು ಭಾಷೆಯಲ್ಲೂ ಕೇಳಿದಳು. ಮುದುಕಿಯರಿಬ್ಬರೂ ಒಟ್ಟಿಗೇ ಒಬ್ಬರನ್ನೊಬ್ಬರು ತೋರಿಸಿದರು.

ಎವರಿಸ್ತೊ ಕಾರು ಬಾಗಿಲಿಗೆ ತರಲೆಂದು ಕೆಳಗೆ ಹೊರಟ. ಲಿಫ್ಟಿನಲ್ಲಿ ಬಲೂನು ಹಿಡಿದ ಅಪರಿಚಿತನೊಬ್ಬ, ಇವನ ಮುಖ ನೋಡಿಯೇ, "ಮೊಮ್ಮಗುವಾ? ಏನು ಹೆಸರು?" ಎಂದ.

"ಆಲ್ಮಾ."

"ಚೆನ್ನಾಗಿದೆ. ನೀವೇ ಹುಡುಕಿದ್ದಾ?"

ಅವನ ಎದೆ ಉಬ್ಬಿತು. ಹೇಳಬೇಕಾದ ಕತೆ ಆಗಲೇ ಗಂಟಲಿಗೆ ಬಂದಿತ್ತು: ಲಕ್ಷ ಕೇಕು, ನಲವತ್ತೆರಡು ವರ್ಷ, ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಹೊಳೆದ ಬೆಳಕು. ಲಿಫ್ಟು ಎರಡನೆಯ ಮಹಡಿ ದಾಟಿತು.

"ಇಲ್ಲ" ಎಂದ. "ಇಬ್ಬರು ಮುದುಕೀರು ಹುಡುಕಿದ್ರು. ನಾನು ಮಧ್ಯ ಕೂತಿದ್ದೆ."

"ಓ" ಎಂದ ಬಲೂನಿನವನು. ಬಾಗಿಲು ತೆರೆಯಿತು. "ಎಷ್ಟು ತೂಕ, ಮಗು?"

"ಹದಿನೆಂಟು ಪೌಂಡು" ಎಂದ ಎವರಿಸ್ತೊ.

ಅದು ಮಾತ್ರ ತಪ್ಪು. ಆ ಮಗುವನ್ನು ನಾನೇ ಎತ್ತಿದ್ದೇನೆ; ಇಪ್ಪತ್ತಕ್ಕೆ, ಅಂದರೆ ಒಂಬತ್ತು ಕೇಜಿಗೆ, ಒಂದು ಗುಂಜಿಯೂ ಕಡಿಮೆ ಇರಲಿಲ್ಲ.